ಅಮೆರಿಕದ ಅಧ್ಯಕ್ಷರ ಒಂದು ಸಹಿಗೆ ಇಷ್ಟು ಬಲ ಬಂದಿದ್ದು ಹೇಗೆ?

ಹೇಮಾವತಿ ದಂಡೆ

2025ರ ಸೆಪ್ಟೆಂಬರ್ 19ರಂದು ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿದರು. ಹೊಸ ಎಚ್‌-1ಬಿ (ವಿದೇಶಿ ಪರಿಣತರು ಅಮೆರಿಕದಲ್ಲಿ ಕೆಲಸ ಮಾಡಲು ಕೊಡುವ ವೀಸಾ) ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕು ಅಂತ. ಎರಡೇ ದಿನದಲ್ಲಿ ಜಾರಿಗೂ ಬಂತು. ಈಗಾಗಲೇ ವೀಸಾ ಇರುವವರಿಗೆ ಇದು ಅನ್ವಯಿಸಲ್ಲ ಅಂತ ಸ್ಪಷ್ಟನೆ ಬರುವ ಹೊತ್ತಿಗೆ, ರಜೆಗೆ ಊರಿಗೆ ಬಂದಿದ್ದವರು ಗಾಬರಿ ಬಿದ್ದು ಟಿಕೆಟ್ ಬದಲಾಯಿಸಿ ಆಗಿತ್ತು.

ನನ್ನ ಪ್ರಶ್ನೆ ಆ ಶುಲ್ಕದ ಬಗ್ಗೆ ಅಲ್ಲ. ಕಾನೂನು ಮಾಡೋದು ಕಾಂಗ್ರೆಸ್, ಅಂದರೆ ಅವರ ಸಂಸತ್ತು, ಜಾರಿ ಮಾಡೋದು ಅಧ್ಯಕ್ಷರು ಅಂತ ತಾನೇ ನಾವೆಲ್ಲ ಓದಿರೋದು? ಹಾಗಿದ್ದರೆ ಶುಲ್ಕ ಅವರೇ ಹಾಕುತ್ತಾರೆ, ಆಮದು ಸುಂಕ ಅವರೇ ಏರಿಸುತ್ತಾರೆ, ಬೇರೆ ದೇಶದ ಮೇಲೆ ಬಾಂಬ್ ಹಾಕಲು ಅವರೇ ಹೇಳುತ್ತಾರೆ, ಇದೆಲ್ಲ ಹೇಗೆ ಸಾಧ್ಯ? ಮೊದಲಿನಿಂದಲೂ ಹೀಗೇನಾ? ಟ್ರಂಪ್ ಪರ, ವಿರೋಧ ಅಂತ ಜಗಳ ಬೇಡ. ಆ ಹುದ್ದೆ ಹೇಗೆ ಬೆಳೆಯಿತು ಅಂತ ತಿಳಿದವರು ಹೇಳಿ.

ಹಳೇ ಮೇಷ್ಟ್ರು, ಮೈಸೂರು

ಮೊದಲಿನಿಂದ ಹೀಗಿರಲಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಸಂವಿಧಾನ ಬರೆದವರಿಗೆ ಎರಡು ಹೆದರಿಕೆ ಇತ್ತು. ಬ್ರಿಟನ್ನಿನ ಮೂರನೇ ಜಾರ್ಜ್ ತರಹದ ರಾಜ ಮತ್ತೆ ಹುಟ್ಟಬಾರದು ಅನ್ನೋದು ಒಂದು. ಆದರೆ ಅದುವರೆಗಿನ ಒಕ್ಕೂಟದಲ್ಲಿ ಆಡಳಿತ ನಡೆಸುವ ಮುಖ್ಯಸ್ಥನೇ ಇರಲಿಲ್ಲ, ತೆರಿಗೆ ಹಾಕುವ ಅಧಿಕಾರವೂ ಇರಲಿಲ್ಲ, ಮ್ಯಾಸಚೂಸೆಟ್ಸ್‌ನಲ್ಲಿ ಸಾಲದಿಂದ ನೊಂದ ರೈತರು ದಂಗೆ ಎದ್ದಾಗ ಕೇಂದ್ರಕ್ಕೆ ಏನೂ ಮಾಡಲು ಆಗಲಿಲ್ಲ. ಆ ಸ್ಥಿತಿಯೂ ಬೇಡ ಅನ್ನೋದು ಇನ್ನೊಂದು.

ಸಂವಿಧಾನದ ಒಂದನೇ ವಿಧಿ ಪೂರ್ತಿ ಕಾಂಗ್ರೆಸ್ಸಿನದು. ತೆರಿಗೆ, ಸುಂಕ, ಸಾಲ, ವಿದೇಶ ವ್ಯಾಪಾರ, ಸೈನ್ಯ ಕಟ್ಟುವುದು, ಯುದ್ಧ ಸಾರುವುದು ಎಲ್ಲ ಅಲ್ಲೇ ಇವೆ. ಅಧ್ಯಕ್ಷರ ಎರಡನೇ ವಿಧಿ ಅದರ ಅರ್ಧದಷ್ಟೂ ಉದ್ದ ಇಲ್ಲ. ಅದರಲ್ಲೂ ಬಹಳ ಜಾಗ ಚುನಾವಣೆಯ ವಿಧಾನಕ್ಕೇ ಹೋಗಿದೆ. ಸೇನೆಯ ಮಹಾದಂಡನಾಯಕ, ಕ್ಷಮಾದಾನ, ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ ಒಪ್ಪಿದರೆ ಒಪ್ಪಂದ ಮತ್ತು ನೇಮಕ, ಕಾನೂನು ಸರಿಯಾಗಿ ಜಾರಿಯಾಗುವಂತೆ ನೋಡಿಕೊಳ್ಳುವ ಹೊಣೆ. ಮಸೂದೆಗೆ ವೀಟೋ ಹಾಕುವ, ಅಂದರೆ ಸಹಿ ಹಾಕದೆ ತಿರಸ್ಕರಿಸುವ ಅಧಿಕಾರವನ್ನು ಒಂದನೇ ವಿಧಿಯಲ್ಲಿ ಇಟ್ಟರು. ಇಷ್ಟೇ. ಸಭೆಯ ಅಧ್ಯಕ್ಷತೆ ವಹಿಸಿದ್ದವರು ವಾಷಿಂಗ್ಟನ್. ಮೊದಲ ಅಧ್ಯಕ್ಷ ಅವರೇ ಅಂತ ಎಲ್ಲರಿಗೂ ಗೊತ್ತಿತ್ತು, ಅವರ ಮೇಲಿನ ನಂಬಿಕೆಯಿಂದ ಎಷ್ಟೋ ವಿಷಯ ಬಿಡಿಸಿ ಬರೆಯದೇ ಬಿಟ್ಟರು. ಆ ಖಾಲಿ ಜಾಗದಲ್ಲೇ ಮುಂದಿನ ಕಥೆ ಎಲ್ಲ ನಡೆದಿದ್ದು.

1789ರಲ್ಲಿ ಅವರನ್ನು ಏನಂತ ಕರೆಯಬೇಕು ಅಂತಲೇ ಸೆನೆಟ್‌ನಲ್ಲಿ ವಾರಗಟ್ಟಲೆ ಚರ್ಚೆ ಆಯಿತು. ರಾಜರಿಗೆ ಹೊಂದುವಂಥ ಉದ್ದುದ್ದ ಬಿರುದುಗಳನ್ನು ಸೂಚಿಸಿದರು. ಕೊನೆಗೆ ಸರಳವಾದ ಮಿಸ್ಟರ್ ಪ್ರೆಸಿಡೆಂಟ್ ಉಳಿಯಿತು. 1793ರಲ್ಲಿ ಫ್ರಾನ್ಸ್, ಬ್ರಿಟನ್ ಯುದ್ಧ ಶುರುವಾದಾಗ ವಾಷಿಂಗ್ಟನ್ ಕಾಂಗ್ರೆಸ್ಸನ್ನು ಕೇಳದೆ ನಾವು ತಟಸ್ಥ ಅಂತ ಘೋಷಿಸಿದರು. ಇದು ಸರಿ ಅಂತ ಹ್ಯಾಮಿಲ್ಟನ್ ಬರೆದರು, ತಪ್ಪು ಅಂತ ಮ್ಯಾಡಿಸನ್ ಬರೆದರು. ಇಬ್ಬರೂ ಸಂವಿಧಾನ ಸಭೆಯಲ್ಲಿ ಕೂತಿದ್ದವರು! ಬರೆದವರಿಗೇ ಆರು ವರ್ಷದಲ್ಲಿ ಒಮ್ಮತ ಇಲ್ಲ ಅಂದಮೇಲೆ ಇವತ್ತಿನ ಜಗಳಕ್ಕೆ ಆಶ್ಚರ್ಯ ಪಡಬೇಕಾಗಿಲ್ಲ.

ಕಡಲ ತಡಿ

ಮೇಷ್ಟ್ರ ಮಾತಿಗೆ ಸೇರಿಸುತ್ತೇನೆ. ನನ್ನ ಪ್ರಕಾರ ದೊಡ್ಡ ತಿರುವು ಆಂಡ್ರ್ಯೂ ಜ್ಯಾಕ್ಸನ್. ಅವರಿಗಿಂತ ಮೊದಲಿನ ಆರು ಅಧ್ಯಕ್ಷರು ಸೇರಿ ಹಾಕಿದ್ದು 10 ವೀಟೋ. ಅವೂ ಹೆಚ್ಚಾಗಿ ಮಸೂದೆ ಸಂವಿಧಾನಕ್ಕೆ ವಿರುದ್ಧ ಅನ್ನೋ ಕಾರಣಕ್ಕೆ. ಜ್ಯಾಕ್ಸನ್ ಒಬ್ಬರೇ 12 ಹಾಕಿದರು. 1832ರಲ್ಲಿ ರಾಷ್ಟ್ರೀಯ ಬ್ಯಾಂಕಿನ ಮಸೂದೆ ತಿರಸ್ಕರಿಸಿದಾಗ, ಇದು ಸಂವಿಧಾನಕ್ಕೆ ವಿರುದ್ಧ ಅಂತಷ್ಟೇ ಹೇಳಲಿಲ್ಲ, ಇದು ಶ್ರೀಮಂತರಿಗೆ ಲಾಭ, ಬಡವರಿಗೆ ಅನ್ಯಾಯ ಅಂತಲೂ ಹೇಳಿದರು. ಅಂದರೆ ನನಗೆ ಈ ನೀತಿ ಒಪ್ಪಿಗೆ ಇಲ್ಲ ಅಂತ. ಅಲ್ಲಿಂದ ಮುಂದೆ ಮಸೂದೆ ಬರೆಯುವಾಗಲೇ ಅಧ್ಯಕ್ಷರು ಏನಂತಾರೆ ಅಂತ ಕಾಂಗ್ರೆಸ್ ಯೋಚಿಸಬೇಕಾಯಿತು. ಸೆನೆಟ್ 1834ರಲ್ಲಿ ಜ್ಯಾಕ್ಸನ್ ವಿರುದ್ಧ ಖಂಡನಾ ನಿರ್ಣಯ ಮಾಡಿತು, 1837ರಲ್ಲಿ ಅದನ್ನು ದಾಖಲೆಯಿಂದ ತಾನೇ ಹೊಡೆದುಹಾಕಿತು.

ಆಮೇಲೆ ಲಿಂಕನ್. 1861ರ ಏಪ್ರಿಲ್‌ನಲ್ಲಿ ಬಂಡೆದ್ದ ದಕ್ಷಿಣದ ರಾಜ್ಯಗಳು ಫೋರ್ಟ್ ಸಮ್ಟರ್ ಕೋಟೆಯ ಮೇಲೆ ದಾಳಿ ಮಾಡಿ ಅಂತರ್ಯುದ್ಧ ಶುರುವಾದಾಗ ಕಾಂಗ್ರೆಸ್ ಅಧಿವೇಶನ ಇರಲಿಲ್ಲ. ಲಿಂಕನ್ ಅಧಿವೇಶನ ಕರೆದಿದ್ದು ಜುಲೈ 4ಕ್ಕೆ. ನಡುವೆ 75,000 ಜನರ ಪಡೆ ಕರೆಸಿದರು, ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು, ಮಂಜೂರಾಗದ ಹಣ ಖರ್ಚು ಮಾಡಿದರು, ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಹಕ್ಕನ್ನೇ ಅಮಾನತು ಮಾಡಿದರು. ಇದು ಅಧ್ಯಕ್ಷರ ಅಧಿಕಾರ ಅಲ್ಲ ಅಂತ ಮುಖ್ಯ ನ್ಯಾಯಮೂರ್ತಿ ಟೇನಿ ಬರೆದರು, ಲಿಂಕನ್ ಕೇಳಲಿಲ್ಲ. ಇದೇ ಲಿಂಕನ್ 1847-48ರಲ್ಲಿ ಸಂಸದರಾಗಿದ್ದಾಗ, ಮೆಕ್ಸಿಕೊ ಯುದ್ಧ ಎಳೆದು ತಂದಿದ್ದಕ್ಕೆ ಅಧ್ಯಕ್ಷ ಪೋಕ್ ಅವರನ್ನು ಗಟ್ಟಿಯಾಗಿ ಪ್ರಶ್ನೆ ಮಾಡಿದ್ದವರು. ಕುರ್ಚಿ ಬದಲಾದರೆ ನೋಟವೂ ಬದಲಾಗುತ್ತೆ.

ಒಟ್ಟಿನಲ್ಲಿ ಯುದ್ಧ ಬಂದಾಗಲೆಲ್ಲ ಅಧ್ಯಕ್ಷರು ಅಧಿಕಾರ ಕಿತ್ತುಕೊಂಡರು. ಕಥೆ ಅಷ್ಟೇ.

ಧಾರವಾಡ ವಕೀಲ

ಕಥೆ ಅಷ್ಟೇ ಅಲ್ಲರೀ. ಲಿಂಕನ್ ಸತ್ತ ಮೂರೇ ವರ್ಷಕ್ಕೆ, 1868ರಲ್ಲಿ, ಅವರ ಜಾಗಕ್ಕೆ ಬಂದ ಆಂಡ್ರ್ಯೂ ಜಾನ್ಸನ್ ವಾಗ್ದಂಡನೆಗೆ ಗುರಿಯಾದರು. ತಮ್ಮದೇ ಮಂತ್ರಿಯನ್ನು ಕಾಂಗ್ರೆಸ್ಸಿನ ಕಾನೂನು ಮೀರಿ ತೆಗೆದರು ಅನ್ನೋದು ಮುಖ್ಯ ಆರೋಪ. ಸೆನೆಟ್‌ನಲ್ಲಿ ಒಂದೇ ಒಂದು ಮತದಿಂದ ಉಳಿದುಕೊಂಡರು. ಅಲ್ಲಿಂದ ಸುಮಾರು 30 ವರ್ಷ ವಾಷಿಂಗ್ಟನ್ನಿನಲ್ಲಿ ನಡೆದಿದ್ದು ಕಾಂಗ್ರೆಸ್ಸಿನ ಮಾತು. ಆ ಕಾಲದ ಅಧ್ಯಕ್ಷರ ಹೆಸರು ನಾಲ್ಕು ಹೇಳಿ ನೋಡೋಣ, ಬಹಳ ಜನರಿಗೆ ಬರಲ್ಲ.

ಅಂದರೆ 19ನೇ ಶತಮಾನದಲ್ಲಿ ಯುದ್ಧಕ್ಕೆ ಹಿಗ್ಗಿದ ಅಧಿಕಾರ ಯುದ್ಧ ಮುಗಿದ ಮೇಲೆ ಕುಗ್ಗುತ್ತಿತ್ತು. 20ನೇ ಶತಮಾನದಲ್ಲಿ ಕುಗ್ಗಲಿಲ್ಲ. ಯಾಕೆ ಕುಗ್ಗಲಿಲ್ಲ ಅನ್ನೋದೇ ನಿಜವಾದ ಪ್ರಶ್ನೆ. ನನ್ನ ಉತ್ತರ: ಹೆಚ್ಚಿನದನ್ನು ಅಧ್ಯಕ್ಷರು ಕಿತ್ತುಕೊಳ್ಳಲಿಲ್ಲ, ಕಾಂಗ್ರೆಸ್ಸೇ ಕಾನೂನು ಮಾಡಿ ಕೈಯಾರೆ ಕೊಟ್ಟಿತು. ಸಂಜೆ ವಿವರವಾಗಿ ಬರೆಯುತ್ತೇನೆ, ಈಗ ಕೋರ್ಟಿಗೆ ಹೊರಟಿದ್ದೇನೆ.

ಬಯಲುಸೀಮೆ ಹುಡುಗ

ಒಂದು ಸಣ್ಣ ಡೌಟು. ಕಾರ್ಯಕಾರಿ ಆದೇಶ ಅಂದರೆ ನಮ್ಮಲ್ಲಿ ಸುಗ್ರೀವಾಜ್ಞೆ ಅಂತಾರಲ್ಲ, ಅದೇ ತಾನೇ? ಪರೀಕ್ಷೆಗೆ ಓದುತ್ತಿದ್ದೇನೆ, ಗೊಂದಲ ಆಗಿದೆ.

ಹಳೇ ಮೇಷ್ಟ್ರು, ಮೈಸೂರು

ಅಲ್ಲಪ್ಪ. ನಮ್ಮ ಸುಗ್ರೀವಾಜ್ಞೆಗೆ ಕಾನೂನಿನಷ್ಟೇ ಬಲ ಇದೆ, ಹೊಸ ಅಪರಾಧವನ್ನೂ ಸೃಷ್ಟಿಸಬಹುದು. ಆದರೆ ಸದನ ಮತ್ತೆ ಸೇರಿ ಆರು ವಾರದೊಳಗೆ ಒಪ್ಪದಿದ್ದರೆ ಬಿದ್ದುಹೋಗುತ್ತೆ. ಅಮೆರಿಕದ ಕಾರ್ಯಕಾರಿ ಆದೇಶ ಹಾಗಲ್ಲ. ಅದಕ್ಕೆ ಸ್ವಂತ ಬಲ ಇಲ್ಲ. ಸಂವಿಧಾನದಲ್ಲೋ ಕಾಂಗ್ರೆಸ್ ಮಾಡಿದ ಯಾವುದಾದರೂ ಕಾನೂನಿನಲ್ಲೋ ಅದಕ್ಕೆ ಆಧಾರ ಇರಬೇಕು. ಆಧಾರ ಇದ್ದರೆ ಕಾಂಗ್ರೆಸ್ಸಿನ ಮುಂದೆ ಇಡಬೇಕಾಗಿಲ್ಲ, ಅವಧಿಯೂ ಇಲ್ಲ. ಮುಂದಿನ ಅಧ್ಯಕ್ಷರು ಬಂದು ಒಂದೇ ಸಹಿಯಲ್ಲಿ ರದ್ದು ಮಾಡಬಹುದು.

1952ರ ಉಕ್ಕಿನ ಪ್ರಕರಣ ಓದಿಕೋ. ಕೊರಿಯಾ ಯುದ್ಧದ ನಡುವೆ ಉಕ್ಕಿನ ಕಾರ್ಮಿಕರು ಮುಷ್ಕರಕ್ಕೆ ಸಿದ್ಧರಾದರು. ಅಧ್ಯಕ್ಷ ಟ್ರೂಮನ್ ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತಗೊಂಡರು. ಸುಪ್ರೀಂ ಕೋರ್ಟ್ 6-3ರಿಂದ ಇದು ಆಗಲ್ಲ ಅಂದಿತು, ಟ್ರೂಮನ್ ವಾಪಸ್ ಕೊಟ್ಟರು. ನ್ಯಾಯಮೂರ್ತಿ ರಾಬರ್ಟ್ ಜ್ಯಾಕ್ಸನ್ ಆಗ ಬರೆದಿದ್ದನ್ನು ಇವತ್ತಿಗೂ ಎಲ್ಲ ಕೋರ್ಟುಗಳೂ ಎತ್ತಿ ಹೇಳುತ್ತವೆ. ಕಾಂಗ್ರೆಸ್ ಒಪ್ಪಿಗೆ ಇದ್ದಾಗ ಅಧ್ಯಕ್ಷರ ಬಲ ಅತಿ ಹೆಚ್ಚು. ಕಾಂಗ್ರೆಸ್ ಸುಮ್ಮನಿದ್ದಾಗ ಮಬ್ಬು ಜಾಗ. ಕಾಂಗ್ರೆಸ್ಸಿನ ಇಚ್ಛೆಗೆ ವಿರುದ್ಧ ಹೋದಾಗ ಬಲ ಅತಿ ಕಡಿಮೆ. ಈ ಮೂರು ಮೆಟ್ಟಿಲು ಗೊತ್ತಿದ್ದರೆ ಅರ್ಧ ವಿಷಯ ಗೊತ್ತಾದಂತೆ.

ಕಡಲ ತಡಿ

ವಕೀಲರೇ, ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಬಿಟ್ಟು ಮಾತಾಡಲು ಆಗುತ್ತಾ? ಕಾನೂನಿನಲ್ಲಿ ಇಲ್ಲದ ಒಂದು ಬಲವನ್ನು ಅವರು ಕಂಡುಕೊಂಡರು. 1933ರ ಮಾರ್ಚ್‌ನಲ್ಲಿ ಅಧಿಕಾರಕ್ಕೆ ಬಂದಾಗ ಜನ ಬ್ಯಾಂಕಿನಿಂದ ದುಡ್ಡು ತೆಗೆಯಲು ಸಾಲು ನಿಂತಿದ್ದರು. ದೇಶದ ಎಲ್ಲ ಬ್ಯಾಂಕುಗಳನ್ನೂ ಮುಚ್ಚಿಸಿದರು. ಮಾರ್ಚ್ 12ರ ಭಾನುವಾರ ರಾತ್ರಿ ರೇಡಿಯೋದಲ್ಲಿ, ಬ್ಯಾಂಕು ಹೇಗೆ ನಡೆಯುತ್ತೆ, ನಿಮ್ಮ ಹಣ ಎಲ್ಲಿರುತ್ತೆ ಅಂತ ಸಾಮಾನ್ಯರಿಗೆ ಅರ್ಥ ಆಗೋ ಹಾಗೆ ಹೇಳಿದರು. ಸೋಮವಾರದಿಂದ ಬ್ಯಾಂಕುಗಳು ತೆರೆಯತೊಡಗಿದಾಗ ಜನ ದುಡ್ಡು ವಾಪಸ್ ತಂದು ಕಟ್ಟಿದರು.

ಹಿಂದೆ ಅಧ್ಯಕ್ಷರು ಜನರ ಜೊತೆ ನೇರ ಮಾತಾಡೋದೇ ಕಡಿಮೆ. 1801ರಲ್ಲಿ ಜೆಫರ್ಸನ್ ವಾರ್ಷಿಕ ಭಾಷಣ ನಿಲ್ಲಿಸಿ ಪತ್ರ ಕಳಿಸತೊಡಗಿದರು, 1913ರಲ್ಲಿ ವಿಲ್ಸನ್ ಬಂದು ನಿಂತು ಓದುವವರೆಗೂ ಹಾಗೇ ನಡೆಯಿತು. ರೇಡಿಯೋ, ಟಿವಿ ಬಂದ ಮೇಲೆ ಒಬ್ಬ ಸಂಸದನ ಮಾತಿಗೂ ಅಧ್ಯಕ್ಷರ ಮಾತಿಗೂ ತೂಕವೇ ಬೇರೆ ಆಯಿತು. ಇದನ್ನು ಯಾವ ಕಾಂಗ್ರೆಸ್ಸೂ ಕೊಟ್ಟಿದ್ದಲ್ಲ.

ಧಾರವಾಡ ವಕೀಲ

ಸರ್, ರೇಡಿಯೋ ಮಾತು ಒಪ್ಪುತ್ತೇನೆ. ಆದರೆ ಆ ಮಾತಿಗೆ ಕೈಕಾಲು ಬಂದಿದ್ದು ಕಾನೂನಿನಿಂದ. ಅದೇ ಮಾರ್ಚ್ 9ರಂದು ಬ್ಯಾಂಕ್ ಮಸೂದೆ ಒಂದೇ ದಿನದಲ್ಲಿ ಎರಡೂ ಸದನದಲ್ಲಿ ಪಾಸಾಗಿ ಸಹಿಯೂ ಆಯಿತು. ಎಷ್ಟೋ ಸದಸ್ಯರು ಅದನ್ನು ಓದಿಯೂ ಇರಲಿಲ್ಲ.

ಈಗ ಬೆಳಗ್ಗೆ ಬಾಕಿ ಉಳಿಸಿದ್ದ ಮಾತು. ಅಧಿಕಾರ ಯಾಕೆ ವಾಪಸ್ ಕುಗ್ಗಲಿಲ್ಲ? ಮೊದಲನೆಯದು, ಸಿಬ್ಬಂದಿ. ಲಿಂಕನ್ ಕಾಲದ ಸುಮಾರು 10 ಲಕ್ಷ ಸೈನಿಕರು ಯುದ್ಧ ಮುಗಿದ ಮೇಲೆ ಮನೆಗೆ ಹೋದರು. ಲಿಂಕನ್ ಅವರಿಗೆ ಇದ್ದಿದ್ದು ಕೆಲವೇ ಕೆಲವು ಕಾರ್ಯದರ್ಶಿಗಳು. 20ನೇ ಶತಮಾನದಲ್ಲಿ ಕಟ್ಟಿದ್ದು ಉಳಿಯಿತು. 1921ರ ಕಾನೂನು ಬಜೆಟ್ ತಯಾರಿಸುವ ಕೆಲಸವನ್ನು ಅಧ್ಯಕ್ಷರಿಗೆ ಕೊಟ್ಟಿತು. 1939ರಲ್ಲಿ ಅಧ್ಯಕ್ಷರ ಕಾರ್ಯಾಲಯ ಅಂತ ಒಂದು ದೊಡ್ಡ ವ್ಯವಸ್ಥೆಯೇ ಹುಟ್ಟಿತು. 1947ರಲ್ಲಿ ರಾಷ್ಟ್ರೀಯ ಭದ್ರತಾ ಮಂಡಳಿ, ಗುಪ್ತಚರ ಸಂಸ್ಥೆ ಸಿಐಎ. ಸೋವಿಯತ್ ಭಯದಿಂದ ಶಾಂತಿಕಾಲದಲ್ಲೂ ದೊಡ್ಡ ಸೈನ್ಯ ನಿಂತೇ ಇತ್ತು. ಅಮೆರಿಕ ಕೊನೆಯ ಬಾರಿ ವಿಧಿವತ್ತಾಗಿ ಯುದ್ಧ ಸಾರಿದ್ದು 1942ರಲ್ಲಿ, ಬಲ್ಗೇರಿಯಾ, ಹಂಗೇರಿ, ರುಮೇನಿಯಾ ಮೇಲೆ. ಕೊರಿಯಾ, ವಿಯೆಟ್ನಾಂ, ಇರಾಕ್, ಅಫ್ಗಾನಿಸ್ತಾನ ಯಾವುದಕ್ಕೂ ಯುದ್ಧ ಘೋಷಣೆ ಇಲ್ಲ.

ಎರಡನೆಯದು, ಕೊಟ್ಟ ಅಧಿಕಾರ. ಹೇಮಾವತಿಯವರು ಕೇಳಿದ ಎಚ್‌-1ಬಿ ಶುಲ್ಕವನ್ನೇ ನೋಡಿ. ಅದಕ್ಕೆ ಮುಖ್ಯ ಆಧಾರ 1952ರ ವಲಸೆ ಕಾನೂನಿನ 212ನೇ ಸೆಕ್ಷನ್‌ನ ಎಫ್ ಉಪವಿಭಾಗ. ದೇಶದ ಹಿತಕ್ಕೆ ಧಕ್ಕೆ ಅನ್ನಿಸಿದರೆ ಯಾವುದೇ ವರ್ಗದ ವಿದೇಶಿಯರ ಪ್ರವೇಶವನ್ನು, ಅಗತ್ಯ ಅನ್ನಿಸುವಷ್ಟು ಕಾಲ, ಅಧ್ಯಕ್ಷರು ತಡೆಯಬಹುದು, ಇಲ್ಲವೇ ಷರತ್ತು ಹಾಕಬಹುದು ಅಂತಿದೆ. ಆ ಕಾನೂನಿಗೆ ಟ್ರೂಮನ್ ವೀಟೋ ಹಾಕಿದ್ದರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ದೇಶವಾರು ಕೋಟಾ ಅನ್ಯಾಯ ಅನ್ನೋದು ಅವರ ತಕರಾರು. ಕಾಂಗ್ರೆಸ್ ಮೂರನೇ ಎರಡರಷ್ಟು ಬಹುಮತದಿಂದ ಆ ವೀಟೋ ಮೀರಿ ಪಾಸು ಮಾಡಿತು. ಅಂದರೆ ಅಧ್ಯಕ್ಷರು ಬೇಡ ಬೇಡ ಅಂದ ಕಾನೂನಿನಲ್ಲೇ ಅಧ್ಯಕ್ಷರಿಗೆ ಇಷ್ಟು ದೊಡ್ಡ ಅಧಿಕಾರ ಇತ್ತು! 2018ರಲ್ಲಿ ಕೆಲವು ಮುಸ್ಲಿಂ ಬಹುಸಂಖ್ಯಾತ ದೇಶಗಳ ಪ್ರಯಾಣಿಕರ ಮೇಲಿನ ನಿರ್ಬಂಧದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಇದೇ ಸೆಕ್ಷನ್ ಹಿಡಿದು ಟ್ರಂಪ್ ಪರ ತೀರ್ಪು ಕೊಟ್ಟಿತು. ಆದರೆ ಪ್ರವೇಶ ತಡೆಯೋದು ಬೇರೆ, ಇಷ್ಟು ದೊಡ್ಡ ಶುಲ್ಕ ಹಾಕೋದು ಬೇರೆ, ಅದು ತೆರಿಗೆಯೇ ಅಲ್ವಾ ಅಂತ ವಾದ ಇದೆ. ನನಗೂ ಆ ವಾದ ಗಟ್ಟಿ ಅನ್ನಿಸುತ್ತೆ.

ಸುಂಕದ್ದೂ ಹಾಗೇ. 1930ರಲ್ಲಿ ಕಾಂಗ್ರೆಸ್ ತಾನೇ ಕೂತು ಸಾವಿರಾರು ವಸ್ತುಗಳ ಸುಂಕ ಏರಿಸಿತು, ವ್ಯಾಪಾರ ನೆಲಕಚ್ಚಿತು. ಈ ತಲೆನೋವೇ ಬೇಡ ಅಂತ 1934ರಲ್ಲಿ ಬೇರೆ ದೇಶಗಳ ಜೊತೆ ಮಾತಾಡಿ ಸುಂಕ ಬದಲಾಯಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಬಿಟ್ಟಿತು. ಆಗಿನ ಉದ್ದೇಶ ಸುಂಕ ಇಳಿಸೋದು. 1962, 1974, 1977ರ ಕಾನೂನುಗಳು ಇನ್ನಷ್ಟು ಬಾಗಿಲು ತೆರೆದವು. 2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಬಿದ್ದ ಶೇ 50ರ ಸುಂಕಕ್ಕೆ ಆಧಾರವಾಗಿ ಹೇಳಿದ್ದು 1977ರ ತುರ್ತು ಆರ್ಥಿಕ ಅಧಿಕಾರಗಳ ಕಾನೂನು. ಅದರಲ್ಲಿ ಸುಂಕ ಅನ್ನೋ ಪದವೇ ಇಲ್ಲ. ಆ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ನ್ಯೂಜೆರ್ಸಿ ಕನ್ನಡತಿ

ಕೊಟ್ಟವರು ವಾಪಸ್ ತಗೊಳ್ಳಬಹುದಲ್ವಾ ವಕೀಲರೇ? ಕಾಂಗ್ರೆಸ್ಸಿಗೆ ಬಹುಮತ ಇದ್ದರೆ ಸಾಕಲ್ಲ?

ಧಾರವಾಡ ವಕೀಲ

ಸಾಕಾಗಲ್ಲ ಮೇಡಂ. ಇಲ್ಲೇ ಇಡೀ ಕಥೆಯ ಗಂಟು ಇರೋದು. ಅದಕ್ಕೆ ಕಾರಣವಾದ ಪ್ರಕರಣ ಒಬ್ಬ ಭಾರತೀಯ ಮೂಲದ ವಿದ್ಯಾರ್ಥಿಯದು.

ಜಗದೀಶ್ ರಾಯ್ ಚಡ್ಡಾ ಹುಟ್ಟಿದ್ದು ಕೀನ್ಯಾದಲ್ಲಿ, ತಂದೆ ತಾಯಿ ಭಾರತದವರು, ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್. ಅಮೆರಿಕಕ್ಕೆ ಓದಲು ಬಂದರು, 1972ರಲ್ಲಿ ವೀಸಾ ಅವಧಿ ಮುಗಿಯಿತು. ವಲಸೆ ನ್ಯಾಯಾಧೀಶರು ಅವರ ಗಡೀಪಾರು ತಡೆದು, ಇರಲಿ ಬಿಡಿ ಅಂದರು. ಆದರೆ ಆಗಿನ ಕಾನೂನಿನಲ್ಲಿ ಇಂಥ ನಿರ್ಧಾರವನ್ನು ಕಾಂಗ್ರೆಸ್ಸಿನ ಒಂದೇ ಸದನ ರದ್ದು ಮಾಡಬಹುದಿತ್ತು. 1975ರ ಡಿಸೆಂಬರ್‌ನಲ್ಲಿ ಕೆಳಮನೆಯಾದ ಪ್ರತಿನಿಧಿ ಸಭೆ ರದ್ದು ಮಾಡಿತು. ಚಡ್ಡಾ ಕೋರ್ಟಿಗೆ ಹೋದರು. 1983ರಲ್ಲಿ ಸುಪ್ರೀಂ ಕೋರ್ಟ್ 7-2ರಿಂದ ಹೇಳಿತು: ಕಾಂಗ್ರೆಸ್ ಹೀಗೆ ಅಡ್ಡದಾರಿಯಲ್ಲಿ ತಡೆಯೊಡ್ಡುವಂತಿಲ್ಲ. ಏನೇ ಮಾಡಬೇಕಾದರೂ ಎರಡೂ ಸದನ ಒಪ್ಪಿ, ಅಧ್ಯಕ್ಷರ ಮುಂದೆ ಇಡಬೇಕು.

ಚಡ್ಡಾ ಅವರಿಗೆ ನ್ಯಾಯ ಸಿಕ್ಕಿತು, ಅದು ಸಂತೋಷ. ಆದರೆ ಪರಿಣಾಮ ನೋಡಿ. ವಿಯೆಟ್ನಾಂ ಯುದ್ಧ ಮತ್ತು ಅಧ್ಯಕ್ಷ ನಿಕ್ಸನ್ ಅವರ ವಾಟರ್‌ಗೇಟ್ ಹಗರಣದಿಂದ ಪಾಠ ಕಲಿತು 1970ರ ದಶಕದಲ್ಲಿ ಕಾಂಗ್ರೆಸ್ ಹಲವು ಕಾನೂನು ಮಾಡಿತ್ತು. 1973ರ ಯುದ್ಧಾಧಿಕಾರ ನಿರ್ಣಯ, 1976ರ ರಾಷ್ಟ್ರೀಯ ತುರ್ತು ಪರಿಸ್ಥಿತಿ ಕಾನೂನು, ಮೇಲೆ ಹೇಳಿದ 1977ರದು. ಎಲ್ಲದರಲ್ಲೂ ಇದ್ದ ಲೆಕ್ಕ ಒಂದೇ. ಅಧಿಕಾರ ಕೊಡೋಣ, ದುರುಪಯೋಗ ಆದರೆ ಸರಳ ಬಹುಮತದಿಂದ ನಿಲ್ಲಿಸೋಣ. ಆ ಬ್ರೇಕು ಈ ತೀರ್ಪಿನಿಂದ ಹೋಯಿತು, ಕೊಟ್ಟ ಅಧಿಕಾರ ಮಾತ್ರ ಉಳಿಯಿತು. ಈಗ ಅಧ್ಯಕ್ಷರ ತುರ್ತು ಘೋಷಣೆ ನಿಲ್ಲಿಸಲು ನಿರ್ಣಯ ಪಾಸಾಗಬೇಕು, ಅದಕ್ಕೆ ಅದೇ ಅಧ್ಯಕ್ಷರು ವೀಟೋ ಹಾಕಬಹುದು, ಆಮೇಲೆ ಎರಡೂ ಸದನದಲ್ಲಿ ಮೂರನೇ ಎರಡರಷ್ಟು ಬೇಕು. 2019ರಲ್ಲಿ ಮೆಕ್ಸಿಕೊ ಗಡಿಗೋಡೆಗೆ ತುರ್ತು ಪರಿಸ್ಥಿತಿ ಘೋಷಿಸಿದಾಗ ಎರಡೂ ಸದನಗಳು ವಿರುದ್ಧ ಮತ ಹಾಕಿದವು, ಸೆನೆಟ್‌ನಲ್ಲಿ ಟ್ರಂಪ್ ಪಕ್ಷದವರೇ 12 ಜನ ಸೇರಿಕೊಂಡರು. ವೀಟೋ ಬಿತ್ತು. ಮತ್ತೆ ಮತಕ್ಕೆ ಹಾಕಿದಾಗ ಪ್ರತಿನಿಧಿ ಸಭೆಯಲ್ಲಿ 248-181. ಬಹುಮತ ಇದೆ, ಮೂರನೇ ಎರಡು ಇಲ್ಲ. ಮುಗಿಯಿತು.

ಕೊಡಲು ಸರಳ ಬಹುಮತ, ವಾಪಸ್ ಪಡೆಯಲು ಮೂರನೇ ಎರಡು. ಪಕ್ಷ ಯಾವುದೇ ಇರಲಿ, 40 ವರ್ಷದಿಂದ ಅಧ್ಯಕ್ಷರ ಕಡೆಗೇ ತಕ್ಕಡಿ ವಾಲಿರೋದು ಇದಕ್ಕೇ.

ಕಡಲ ತಡಿ

ಈ ಪ್ರಕರಣದ ಬಗ್ಗೆ ಇಷ್ಟು ವಿವರ ಎಲ್ಲೂ ಓದಿರಲಿಲ್ಲ. ಧನ್ಯವಾದ.

ಆದರೂ ಒಂದು ಮಾತು. ಅಣ್ವಸ್ತ್ರದ ಕಾಲದಲ್ಲಿ 535 ಜನ ಸದಸ್ಯರು ಚರ್ಚೆ ಮಾಡಿ ಮತ ಹಾಕುವವರೆಗೆ ಕಾಯಲು ಆಗುತ್ತಾ? 1962ರಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ಇಟ್ಟ ಬಿಕ್ಕಟ್ಟಿನಲ್ಲಿ ಅಧ್ಯಕ್ಷ ಕೆನಡಿ ಬೆರಳೆಣಿಕೆಯ ಸಲಹೆಗಾರರ ಜೊತೆ ಕೂತು 13 ದಿನದಲ್ಲಿ ದಾರಿ ಹುಡುಕಿದರು. ವೇಗ ಬೇಕಾದ ಕಡೆ ಒಬ್ಬರ ಕೈಯಲ್ಲಿ ಅಧಿಕಾರ ಇರಲೇಬೇಕು.

ಹಳೇ ಮೇಷ್ಟ್ರು, ಮೈಸೂರು

ವೇಗ ಬೇಕಾದ ಕಡೆ, ಹೌದು. ಆದರೆ ಅದೇ ವೇಗದಲ್ಲಿ 1964ರಲ್ಲಿ, ವಿಯೆಟ್ನಾಂ ಕಡೆ ಸೇನೆ ಬಳಸಲು ಅಧ್ಯಕ್ಷರಿಗೆ ಅನುಮತಿ ಕೊಟ್ಟ ಟಾಂಕಿನ್ ಕೊಲ್ಲಿಯ ನಿರ್ಣಯ ಪಾಸಾಯಿತು. ಅಮೆರಿಕದ ಹಡಗುಗಳ ಮೇಲೆ ಎರಡನೇ ಬಾರಿ ದಾಳಿ ಆಯಿತು ಅಂತ ಹೇಳಿದ್ದರು, ಆ ಎರಡನೇ ದಾಳಿ ನಡೆದೇ ಇರಲಿಲ್ಲ. ಪ್ರತಿನಿಧಿ ಸಭೆಯಲ್ಲಿ 416-0, ಸೆನೆಟ್‌ನಲ್ಲಿ 88-2. ವಿಯೆಟ್ನಾಂನಲ್ಲಿ 58,000ಕ್ಕೂ ಜಾಸ್ತಿ ಅಮೆರಿಕನ್ ಸೈನಿಕರು ಸತ್ತರು, ವಿಯೆಟ್ನಾಂ ಜನ ಸತ್ತಿದ್ದು ಲಕ್ಷಾಂತರ. 2001ರಲ್ಲಿ ಮತ್ತೆ ಹಾಗೇ ಆಯಿತು. ಸೆಪ್ಟೆಂಬರ್ 11ರ ದಾಳಿಯ ನಂತರ ಕೊಟ್ಟ ಸೇನಾ ಅನುಮತಿಗೆ ಪ್ರತಿನಿಧಿ ಸಭೆಯಲ್ಲಿ 420 ಜನ ಹೌದು ಅಂದರು. ಬೇಡ ಅಂದವರು ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಒಬ್ಬರೇ. ಅದಕ್ಕೆ ಕೊನೆ ದಿನಾಂಕವನ್ನೇ ಬರೆಯಲಿಲ್ಲ. ದಾಳಿ ನಡೆದಾಗ ಹುಟ್ಟೇ ಇರದ ಸಂಘಟನೆಗಳ ಮೇಲೂ ಅದನ್ನೇ ತೋರಿಸಿ ಬಾಂಬ್ ಹಾಕಿದರು.

1942ನ್ನೂ ಮರೆಯಬೇಡಿ. ರೂಸ್‌ವೆಲ್ಟ್ ಅವರ 9066ನೇ ಆದೇಶದ ಮೇಲೆ ಸುಮಾರು 1,20,000 ಜಪಾನ್ ಮೂಲದವರನ್ನು ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳು. ಕಾಂಗ್ರೆಸ್ ಅದಕ್ಕೆ ಬೆಂಬಲವಾಗಿ ಕಾನೂನು ಮಾಡಿತು, ಸುಪ್ರೀಂ ಕೋರ್ಟ್ 1944ರಲ್ಲಿ 6-3ರಿಂದ ಒಪ್ಪಿತು. ಮೂರೂ ಅಂಗಗಳು ಒಟ್ಟಿಗೆ ಸೇರಿ ತಪ್ಪು ಮಾಡಿದ ಕಥೆ ಅದು. ನನಗೆ ಪಾಠ ಮಾಡುವಾಗ ಅದನ್ನು ಹೇಳಲು ಪ್ರತಿ ಸಲವೂ ಕಷ್ಟ ಆಗುತ್ತಿತ್ತು.

ನ್ಯೂಜೆರ್ಸಿ ಕನ್ನಡತಿ

ಇಲ್ಲಿ ಇರುವವಳಾಗಿ ಒಂದೆರಡು ವಿಷಯ ಹೇಳುತ್ತೇನೆ. ಅಧ್ಯಕ್ಷರು ಮನಸ್ಸು ಮಾಡಿದರೆ ಎಲ್ಲ ಆಗುತ್ತೆ ಅಂತ ನಮ್ಮವರು ಅಂದುಕೊಳ್ಳುತ್ತಾರೆ. ಪ್ರತಿ ಚುನಾವಣೆಯಲ್ಲೂ ಗ್ರೀನ್ ಕಾರ್ಡ್ ಬೇಗ ಸಿಗುತ್ತೆ ಅಂತ ಸುದ್ದಿ ಹಬ್ಬುತ್ತೆ. ಉದ್ಯೋಗದ ಗ್ರೀನ್ ಕಾರ್ಡಿಗೆ ಒಂದು ದೇಶಕ್ಕೆ ಶೇ 7 ಅನ್ನೋ ಮಿತಿ ಕಾಂಗ್ರೆಸ್ ಮಾಡಿದ ಕಾನೂನಿನಲ್ಲಿದೆ. ಒಬಾಮಾ, ಟ್ರಂಪ್, ಬೈಡನ್ ಯಾರಿಂದಲೂ ಅದನ್ನು ಸಹಿ ಹಾಕಿ ಬದಲಾಯಿಸಲು ಆಗಲಿಲ್ಲ, ಆಗುವುದೂ ಇಲ್ಲ. ಎಚ್‌-1ಬಿಯ ವರ್ಷದ ಮಿತಿ 65,000, ಇಲ್ಲೇ ಉನ್ನತ ಪದವಿ ಓದಿದವರಿಗೆ ಇನ್ನೂ 20,000, ಇದೂ ಕಾನೂನು.

ಆದರೆ ಎಚ್‌-4 ವೀಸಾದಲ್ಲಿ ಬಂದ, ಎಚ್‌-1ಬಿಯವರ ಹೆಂಡತಿಯರಿಗೆ, ಗಂಡಂದಿರಿಗೆ ಕೆಲಸದ ಪರವಾನಗಿ ಸಿಕ್ಕಿದ್ದು 2015ರಲ್ಲಿ ಒಬಾಮಾ ಆಡಳಿತ ಮಾಡಿದ ನಿಯಮದಿಂದ. ಅದೂ ಎಲ್ಲರಿಗೂ ಅಲ್ಲ, ಗ್ರೀನ್ ಕಾರ್ಡ್ ದಾರಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗೆ ಮಾತ್ರ. ಕಾಂಗ್ರೆಸ್ ಅದನ್ನು ಕಾನೂನು ಮಾಡಲಿಲ್ಲ. ಟ್ರಂಪ್ ಮೊದಲ ಅವಧಿಯಲ್ಲಿ ತೆಗೆಯುತ್ತೇವೆ ಅಂತ ವರ್ಷಗಟ್ಟಲೆ ಹೇಳಿ ಮುಗಿಸಲಿಲ್ಲ. ಆ ವರ್ಷಗಳಲ್ಲಿ ನನ್ನ ಸ್ನೇಹಿತೆಯರು ಮನೆ ಕೊಳ್ಳಲೂ ಹೆದರುತ್ತಿದ್ದರು. ಆದ್ದರಿಂದ ನಮಗೆ ಅನುಕೂಲ ಆಗುವ ಆದೇಶ ಬಂದಾಗ ಚಪ್ಪಾಳೆ ತಟ್ಟಿ, ತೊಂದರೆ ಆಗುವ ಆದೇಶ ಬಂದಾಗ ಮಾತ್ರ ಸರ್ವಾಧಿಕಾರ ಅನ್ನೋದು ನನಗೆ ಸರಿ ಕಾಣಲ್ಲ. ಎರಡೂ ಒಂದೇ ಜಾಗದಿಂದ ಬರುತ್ತವೆ.

ಹೇಮಾವತಿ ದಂಡೆ

ಎಲ್ಲರಿಗೂ ಧನ್ಯವಾದ. ಎರಡು ಸಲ ಓದಿದೆ. ಕೊನೆಯದಾಗಿ ಒಂದು ಪ್ರಶ್ನೆ ವಕೀಲರಿಗೆ. ಬ್ರೇಕು ಹೋಗಿದೆ ಅಂದಿರಿ. ಅದನ್ನು ಸರಿ ಮಾಡುವ ಪ್ರಯತ್ನ ಯಾರೂ ಮಾಡಿಲ್ಲವಾ?

ಧಾರವಾಡ ವಕೀಲ

ಮಾಡಿದ್ದಾರೆ. ದಾರಿ ಕಷ್ಟದ್ದೇನೂ ಅಲ್ಲ. ಅಧಿಕಾರ ಕೊಡುವಾಗಲೇ ಅವಧಿ ಬರೆಯಬೇಕು. 1974ರ ವ್ಯಾಪಾರ ಕಾನೂನಿನ 122ನೇ ಸೆಕ್ಷನ್ ನೋಡಿ. ವಿದೇಶಿ ಪಾವತಿಯಲ್ಲಿ ಗಂಭೀರ ತೊಂದರೆ ಇದ್ದರೆ ಅಧ್ಯಕ್ಷರು ಸುಂಕ ಹಾಕಬಹುದು, ಆದರೆ ಶೇ 15ರವರೆಗೆ, 150 ದಿನ ಮಾತ್ರ. ಮುಂದುವರಿಸಬೇಕಾದರೆ ಕಾಂಗ್ರೆಸ್ ಕಾನೂನು ಮಾಡಬೇಕು. ಇಲ್ಲಿ ಸುಮ್ಮನೆ ಕೂತರೆ ಅಧಿಕಾರ ತಾನಾಗಿ ಮುಗಿಯುತ್ತೆ, ವೀಟೋ ಹಾಕಲು ಏನೂ ಇರಲ್ಲ.

ಇದೇ ಲೆಕ್ಕದಲ್ಲಿ 2019ರಲ್ಲಿ ಯೂಟಾದ ರಿಪಬ್ಲಿಕನ್ ಸೆನೆಟರ್ ಮೈಕ್ ಲೀ ಒಂದು ಮಸೂದೆ ತಂದರು. ಯಾವುದೇ ತುರ್ತು ಪರಿಸ್ಥಿತಿ 30 ದಿನದಲ್ಲಿ ಕೊನೆಯಾಗಬೇಕು, ಕಾಂಗ್ರೆಸ್ ಒಪ್ಪಿದರೆ ಮಾತ್ರ ಮುಂದೆ ಅಂತ. ಪಾಸಾಗಲಿಲ್ಲ. ನಿಮ್ಮ ಎಚ್‌-1ಬಿ ವಿಷಯದ 212-ಎಫ್ ಅನ್ನು ಬಿಗಿ ಮಾಡುವ ಮಸೂದೆಯೂ ಬಂತು. ಪ್ರವೇಶ ತಡೆಯಲು ನಿರ್ದಿಷ್ಟ ಕಾರಣ, ಪುರಾವೆ ಕೊಡಬೇಕು, ಕಾಂಗ್ರೆಸ್ಸಿಗೆ ವರದಿ ಮಾಡಬೇಕು ಅಂತ. 2021ರ ಏಪ್ರಿಲ್‌ನಲ್ಲಿ ಪ್ರತಿನಿಧಿ ಸಭೆ ಅದನ್ನು ಪಾಸು ಮಾಡಿತು. ಸೆನೆಟ್‌ನಲ್ಲಿ ಹಾಗೇ ಕೂತಿತು. ಆಗ ಅಧಿಕಾರದಲ್ಲಿ ಇದ್ದಿದ್ದು ಬೈಡನ್.

ನ್ಯೂಜೆರ್ಸಿ ಕನ್ನಡತಿ

ಈ 2021ರ ಮಸೂದೆ ವಿಷಯ ನಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೆ ಬರೆದು ಕೇಳುತ್ತೇನೆ. ನಾನು ಇನ್ನೂ ಮತ ಹಾಕುವಂತಿಲ್ಲ, ಆದರೆ ಕ್ಷೇತ್ರದಲ್ಲಿ ವಾಸ ಇರುವ ಯಾರು ಬೇಕಾದರೂ ಕೇಳಬಹುದು. ಇಲ್ಲಿರುವ ಬೇರೆ ಕನ್ನಡಿಗರೂ ಬರೆಯಿರಿ. ಏನು ಉತ್ತರ ಬರುತ್ತೆ ಅಂತ ಇಲ್ಲೇ ಹಾಕೋಣ.